ಹೊಸ ಅಂಗಡಿಗೆ ಹಳೇ ಕಾಗುಣಿತ

ನಮ್ಮ ಬಡಾವಣೆಯ ಗೆಳೆಯನೊಬ್ಬ ಕಾಫಿ ಅಂಗಡಿ ತೆರೆದ. ಕಟ್ಟಡ ಎದ್ದು ಮೂರು ತಿಂಗಳಾಗಿಲ್ಲ, ಲಿಫ್ಟಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಕಿತ್ತಿಲ್ಲ. ಆದರೂ ಅಂಗಡಿ ಅಜ್ಜನ ಕಾಲದ್ದಾಗಿ ಕಾಣಬೇಕು ಎಂಬುದು ಅವನ ಹಟ. ಇಟ್ಟಿಗೆ ಕಾಣಲಿ ಎಂದು ಗೋಡೆಯ ಗಾರೆ ಕೆರೆಸಿದ. ಒಳಗಿದ್ದದ್ದು ಸಿಮೆಂಟಿನ ಬ್ಲಾಕು. ಅದರ ಮೇಲೆ ಇಟ್ಟಿಗೆಯ ಚಿತ್ರವಿರುವ ಕಾಗದ ಅಂಟಿಸಿದ. ಹೊಚ್ಚ ಹೊಸ ಕಬ್ಬಿಣದ ಕುರ್ಚಿಗಳಿಗೆ ತುಕ್ಕಿನ ಬಣ್ಣ ಹೊಡೆಸಿದ. ಅದೇ ವಾರ, ಅವರಪ್ಪನ ಕಾಲದಿಂದ ಅಟ್ಟದ ಮೇಲೆ ಕೂತು ಪ್ರಾಮಾಣಿಕವಾಗಿ ತುಕ್ಕು ಹಿಡಿದಿದ್ದ ಟ್ರಂಕನ್ನು ಗುಜರಿಗೆ ತೂಕಕ್ಕೆ ಹಾಕಿದ.

ಉಳಿದದ್ದು ಬೋರ್ಡು. ಅವನು ಬರೆದುಕೊಟ್ಟದ್ದು 'ಯೀ ಓಲ್ಡೆ ಕಾಫಿ ಶಾಪ್ಪೆ'. ಬೋರ್ಡಿನ ಹುಡುಗ ಬುದ್ಧಿವಂತ. ಚೀಟಿ ನೋಡಿ, ಪಾಪ, ಓನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದುಕೊಂಡ. ಮರ್ಯಾದೆ ಉಳಿಸೋಣ ಎಂದು ತಾನೇ ತಿದ್ದಿ, 'ದಿ ಓಲ್ಡ್ ಕಾಫಿ ಶಾಪ್' ಎಂದು ಹಿತ್ತಾಳೆ ಬಣ್ಣದ ಅಕ್ರಿಲಿಕ್ ಅಕ್ಷರ ಕತ್ತರಿಸಿ ತಂದ. ಜಗಳ ಶುರುವಾಯಿತು. ಪತ್ರಿಕೆಗೆ ಬರೆಯುವವನೆಂಬ ಒಂದೇ ತಪ್ಪಿಗೆ ನನ್ನನ್ನು ಪಂಚಾಯಿತಿಗೆ ಕರೆಸಿದರು.

"ಸಾರ್, ನೀವೇ ಹೇಳಿ. 'ದಿ'ಗೆ ಟಿ-ಎಚ್-ಇ ತಾನೇ? ಇವರು ವೈ-ಇ ಬರೆದಿದ್ದಾರೆ. ಓಲ್ಡಿಗೆ ಒಂದು ಇ ಜಾಸ್ತಿ. ಶಾಪಿಗೆ ಒಂದು ಪಿ, ಒಂದು ಇ ಜಾಸ್ತಿ. ನಾವು ಅಕ್ಷರಕ್ಕಿಷ್ಟು ಅಂತ ತಗೋಳ್ಳೋರು. ಅವರ ದುಡ್ಡೇ ಉಳಿಸಿದೀನಿ."

"ಅದು ಹಳೇ ಇಂಗ್ಲಿಷ್ ಕಣಯ್ಯಾ, ವಿಂಟೇಜು!" ಎಂದ ಗೆಳೆಯ. "ಯೀ... ಓಲ್ಡೀ... ಶಾಪ್ಪೀ..." ಎಂದು ಬಾಯಿಯನ್ನು ಕಿವಿಯವರೆಗೂ ಎಳೆದು ತೋರಿಸಿದ. ಲಂಡನ್ನಿನಲ್ಲಿ ಹಾಗೇ ಅನ್ನುತ್ತಾರಂತೆ.

ಅನ್ನುತ್ತಾರೆ, ನಿಜ. ಅನ್ನುವವರೂ ತಪ್ಪೇ ಅನ್ನುತ್ತಾರೆ.

ಆ ವೈ ಅಸಲಿಗೆ ವೈ ಅಲ್ಲ, ವೇಷ ಹಾಕಿದ ಮುಳ್ಳು. ಇಂಗ್ಲಿಷಿಗೆ ಹಿಂದೆ 'ಥಾರ್ನ್' ಎಂಬೊಂದು ಅಕ್ಷರವಿತ್ತು. ಹೆಸರಿನ ಅರ್ಥವೇ ಮುಳ್ಳು. ನೆಟ್ಟಗೊಂದು ಕೋಲು, ಕೋಲಿನ ನಡುವಿಗೆ ಉಬ್ಬಿದ ಒಂದು ಹೊಟ್ಟೆ. ಇಂದು ಟಿ ಮತ್ತು ಎಚ್ ಇಬ್ಬರೂ ಸೇರಿ ಎತ್ತುವ ಭಾರವನ್ನು ಅಂದು ಅದೊಂದೇ ಎತ್ತುತ್ತಿತ್ತು. ಕಲ್ಲಿನ ಮೇಲೆ, ಮರದ ಮೇಲೆ ಕೆತ್ತುತ್ತಿದ್ದ ರೂನ್ ಲಿಪಿಯಲ್ಲಿ ಅದು ಮೂರನೆಯ ಅಕ್ಷರ. ಉತ್ತರದ ನಾರ್ಸ್ ದಾಯಾದಿಗಳು ಅದನ್ನೇ 'ಥುರ್ಸ್' ಎಂದರು, ಅಂದರೆ ದೈತ್ಯ. ಅವರಿಗೆ ರಕ್ಕಸನಾಗಿ ಕಂಡದ್ದು ಇಂಗ್ಲಿಷರಿಗೆ ಮುಳ್ಳಾಗಿ ಕಂಡಿತು ಎನ್ನುವುದರಲ್ಲೇ ಎರಡು ಜನಾಂಗಗಳ ಸ್ವಭಾವ ಇದೆ ಅನ್ನಿಸುತ್ತದೆ. ಇರಲಿ.

597ರಲ್ಲಿ ರೋಮಿನಿಂದ ಪಾದ್ರಿಗಳು ಕೆಂಟ್ ಪ್ರಾಂತ್ಯಕ್ಕೆ ಬಂದಿಳಿದರು. ಅವರ ಹಿಂದೆಯೇ ಲ್ಯಾಟಿನ್ ಅಕ್ಷರಮಾಲೆಯೂ ಬೇರೂರಿತು. ಆ ಮಾಲೆಯಲ್ಲಿ ಇಂಗ್ಲಿಷರ ನಾಲಗೆಯ ತುದಿ ಹಲ್ಲಿಗೆ ತಾಗಿ ಹೊರಡುವ ಸದ್ದಿಗೆ ಅಕ್ಷರವೇ ಇರಲಿಲ್ಲ. ಅಂದಿನ ಲಿಪಿಕಾರರು ಏನು ಮಾಡಿದರು ಗೊತ್ತೇ? ನಮ್ಮ ಸದ್ದು ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ನಮ್ಮ ಅಕ್ಷರ ನಾವೇ ತರುತ್ತೇವೆ ಎಂದು ರೂನ್ ಲಿಪಿಯ ಮುಳ್ಳನ್ನು ಎತ್ತಿಕೊಂಡು ಬಂದು ಲ್ಯಾಟಿನ್ ಮಾಲೆಗೆ ಪೋಣಿಸಿದರು. ಸಾಲದೆಂದು, ಡಿ ಅಕ್ಷರಕ್ಕೆ ಅಡ್ಡಗೀಟು ಹಾಕಿ 'ಎಥ್' ಎಂಬ ಇನ್ನೊಂದನ್ನೂ ಮಾಡಿಕೊಂಡರು. 'ದಿಸ್' ಎನ್ನುವಾಗ ಬರುವ ಸದ್ದಿಗೆ ಒಂದು, 'ಥಿನ್' ಎನ್ನುವಾಗ ಬರುವ ಸದ್ದಿಗೆ ಇನ್ನೊಂದು ಎಂದು ಹಂಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು. ಹಂಚಿಕೊಳ್ಳಲಿಲ್ಲ. ಕೈಗೆ ಸಿಕ್ಕದ್ದನ್ನು ಎಲ್ಲಿಗೆ ಬೇಕಾದರೂ ಹಾಕಿದರು. ಅಲ್ಪಪ್ರಾಣ-ಮಹಾಪ್ರಾಣದ ವಿಷಯದಲ್ಲಿ ನಮ್ಮ ಬೋರ್ಡುಗಳನ್ನು ನೋಡಿದವರು ಇದಕ್ಕೆ ನಗಬಾರದು.

1066ರಲ್ಲಿ ನಾರ್ಮನ್ನರು ಬಂದು ಗದ್ದುಗೆ ಹಿಡಿದರು. ಫ್ರೆಂಚ್ ಪಾಠ ಕಲಿತ ಗುಮಾಸ್ತರಿಗೆ ಮುಳ್ಳು ಚುಚ್ಚಿತು. ಟಿ-ಎಚ್ ಮೆಲ್ಲಗೆ ಒಳಗೆ ಬಂತು. ಎಥ್ ಸತ್ತಿತು. ಥಾರ್ನ್ ಮಾತ್ರ 'ದಿ', 'ದಟ್' ಎಂಬ ದಿನನಿತ್ಯದ ಪುಟ್ಟ ಪದಗಳ ಸಂಕ್ಷಿಪ್ತ ರೂಪಗಳಲ್ಲಿ ಬಾಡಿಗೆಗೆ ಉಳಿದುಕೊಂಡಿತು. ಬರೆಯುವವರ ಅವಸರದಲ್ಲಿ ಅದರ ಕೋಲಿನ ತಲೆ ಕುಸಿಯಿತು, ಹೊಟ್ಟೆ ಮೇಲ್ಗಡೆ ಬಾಯಿ ಬಿಟ್ಟಿತು, ಕೊನೆಗೆ ವೈ ಅಕ್ಷರದ ಅವಳಿಯಂತಾಯಿತು. ಉತ್ತರ ಇಂಗ್ಲೆಂಡಿನ ಕೆಲವು ಬರಹಗಾರರ ಕೈಯಲ್ಲಂತೂ ಎರಡಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

ಆಮೇಲೆ ಬಂತು ಅಚ್ಚು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಎಂಬ ವ್ಯಾಪಾರಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಇಟ್ಟ. ಅವನು ಕಸುಬು ಕಲಿತದ್ದು ಜರ್ಮನಿಯ ಕಲೋನ್‌ನಲ್ಲಿ, ಮೊದಲು ನಡೆಸಿದ್ದು ಬ್ರೂಜ್ ಪಟ್ಟಣದಲ್ಲಿ. ಆ ಕಾಲದ ಅಚ್ಚಿನ ಮೊಳೆಗಳು ಬರುತ್ತಿದ್ದದ್ದು ಕಡಲಾಚೆಯ ಯುರೋಪಿನಿಂದ. ಮೊಳೆ ಎರಕ ಹೊಯ್ಯುವ ಪರದೇಶಿಗೆ ಇಂಗ್ಲಿಷರ ಮುಳ್ಳು ಕಟ್ಟಿಕೊಂಡು ಏನಾಗಬೇಕು? ಪೆಟ್ಟಿಗೆ ತೆರೆದರೆ ಥಾರ್ನ್ ಇಲ್ಲ. ಮೊಳೆ ಜೋಡಿಸುವವನು ತಲೆ ಕೆರೆದುಕೊಂಡ. ನೋಡಲು ಹಾಗೇ ಇರುವ ವೈ ಇತ್ತು. ಅದನ್ನು ಕೂರಿಸಿ, ತಲೆಯ ಮೇಲೆ ಚಿಕ್ಕದೊಂದು ಇ ಏರಿಸಿದ. ಕೆಲಸ ಮುಗಿಯಿತು. ಮುಳ್ಳನ್ನು ಮುಳ್ಳಿನಿಂದ ತೆಗೆಯಬೇಕು ಎನ್ನುವುದು ನಮ್ಮ ಗಾದೆ. ಇಂಗ್ಲಿಷರು ಮುಳ್ಳನ್ನು ಮೊಳೆಯಿಂದ ತೆಗೆದರು.

ಒಂದೂವರೆ ಸಾವಿರ ವರ್ಷದ ಈ ಕಥೆಯಲ್ಲಿ ನನಗೆ ಕಚಗುಳಿ ಇಡುವುದು ಇದೇ ಜಾಗ. ಮೊದಲನೆಯ ಸಲ ಆಮದಾದ ಅಕ್ಷರಮಾಲೆಯಲ್ಲಿ ತಮ್ಮ ಸದ್ದಿಲ್ಲ ಎಂದಾಗ ಸನ್ಯಾಸಿಗಳು ಮಾಲೆಯನ್ನೇ ತಿದ್ದಿದರು. ಎರಡನೆಯ ಸಲ ಆಮದಾದ ಪೆಟ್ಟಿಗೆಯಲ್ಲಿ ತಮ್ಮ ಅಕ್ಷರವಿಲ್ಲ ಎಂದಾಗ ವ್ಯಾಪಾರಿಗಳು ಅಕ್ಷರವನ್ನೇ ಬಿಟ್ಟರು. ಮೊಳೆ ಇರಲಿಲ್ಲ ಎನ್ನುವುದು ನೆಪ. ಸುಮಾರು ನಾಲ್ಕು ಲಕ್ಷ ಜನಸಂಖ್ಯೆಯ ಐಸ್‌ಲ್ಯಾಂಡ್ ಇವತ್ತಿಗೂ ಅದೇ ಮುಳ್ಳನ್ನು ಅಚ್ಚು ಮಾಡುತ್ತದೆ, ಟೈಪು ಮಾಡುತ್ತದೆ, ಮಕ್ಕಳಿಗೆ ಕಲಿಸುತ್ತದೆ. ಗುಡುಗಿನ ದೇವರು ಥೋರ್ ಅಲ್ಲಿ ಇನ್ನೂ ಮುಳ್ಳಿನಿಂದಲೇ ಹುಟ್ಟುತ್ತಾನೆ. ಅರ್ಧ ಜಗತ್ತಿಗೆ ಹಡಗು ಕಳಿಸಿದವರಿಗೆ ಒಂದು ಮೊಳೆ ಎರಕ ಹೊಯ್ಯಲು ಪುರುಸೊತ್ತಾಗಲಿಲ್ಲ.

ಆದರೂ ಆ ಕಾಲದ ಜನರಿಗೆ ಒಂದು ಮಾತಿನ ಗೌರವ ಸಲ್ಲಬೇಕು. ವೈ-ಇ ಎಂದು ಬರೆದವರು ಯಾರೂ ಅದನ್ನು 'ಯೀ' ಎಂದು ಓದಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಮೊದಲ ಮುದ್ರಣದಲ್ಲಿ ಅದು ಅಲ್ಲಲ್ಲಿ ಇದೆ. ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ ವಿಲಿಯಂ ಬ್ರಾಡ್‌ಫೋರ್ಡ್‌ನ ಕೈಬರಹದ ತುಂಬಾ ಇದೆ. ಸ್ಟ್ರಾಟ್‌ಫೋರ್ಡ್‌ನಲ್ಲಿ ಶೇಕ್ಸ್‌ಪಿಯರನ ಗೋರಿಗಲ್ಲಿನ ಮೇಲೆ, ತನ್ನ ಮೂಳೆ ಮುಟ್ಟಿದವರಿಗೆ ಶಾಪ ಹಾಕುವ ಸಾಲುಗಳಲ್ಲೂ ಇದೆ. ಎಲ್ಲ ಕಡೆಯೂ ಓದುವುದು 'ದಿ' ಎಂದೇ. ನಮ್ಮ ಲಗ್ನಪತ್ರಿಕೆಯ 'ಚಿ. ಸೌ.' ಇದ್ದಂತೆ ಅದು. ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಇನ್ನೂರು ವರ್ಷದ ನಂತರ ಯಾರೋ ಒಬ್ಬ ಹಳೇ ಪತ್ರಿಕೆ ನೋಡಿ, ಆಹಾ, ಆಗಿನ ವಧುಗಳಿಗೆಲ್ಲ 'ಚಿಸೌ' ಎಂದು ಹೆಸರಿಡುತ್ತಿದ್ದರು ಎಂದು ತಿಳಿದು 'ಚಿಸೌ ಬ್ಯೂಟಿ ಪಾರ್ಲರ್' ತೆರೆದರೆ ಹೇಗಿರುತ್ತದೆ? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಮಾಡಿದ್ದು ಅದನ್ನೇ.

ಹೊಗೆಕೊಳವೆ ಎದ್ದವು, ರೈಲು ಓಡಿತು, ಊರೆಲ್ಲ ಮಸಿಯಾಯಿತು. ಆಗ ಎಲ್ಲರಿಗೂ ಹಳೆಯ ಇಂಗ್ಲೆಂಡು ನೆನಪಾಗತೊಡಗಿತು. ಕೆಡವುವ ಕೈಗೇ ಕಣ್ಣೀರು ಒರೆಸಿಕೊಳ್ಳುವ ಹುಕಿ. 1884ರಲ್ಲಿ ಲಂಡನ್ನಿನ ಆರೋಗ್ಯ ವಸ್ತುಪ್ರದರ್ಶನದಲ್ಲಿ 'ಓಲ್ಡ್ ಲಂಡನ್' ಎಂಬ ಸೆಟ್ ಬೀದಿಯನ್ನೇ ಕಟ್ಟಿ ನಿಲ್ಲಿಸಿದರು, ನನ್ನ ಗೆಳೆಯನ ಇಟ್ಟಿಗೆ ಕಾಗದದ ಮುತ್ತಾತನಂತೆ. ಚಹದಂಗಡಿ, ಮದ್ಯದಂಗಡಿ, ಮಿಠಾಯಿ ಅಂಗಡಿಗಳೆಲ್ಲ ವೈ-ಇ ಬಿರುದು ತೊಟ್ಟುಕೊಂಡವು. ಮುಳ್ಳು ಮರೆತು ತಲೆಮಾರುಗಳೇ ಕಳೆದಿದ್ದ ಜನ ಅದನ್ನು ಕಂಡಹಾಗೆ ಓದಿದರು: ಯೀ.

ತಮಾಷೆ ಏನೆಂದರೆ 'ಯೀ' ಎಂಬ ಬೇರೆಯೇ ಒಂದು ಪದ ಹಳೆಯ ಇಂಗ್ಲಿಷಿನಲ್ಲಿ ನಿಜವಾಗಿ ಇತ್ತು. ಅದರ ಅರ್ಥ 'ನೀವು'. ಅಂದರೆ ಉಚ್ಚಾರಣೆ ನಂಬಿ ಅರ್ಥ ಮಾಡಿದರೆ ಬೋರ್ಡು ಹೇಳುವುದು, 'ನೀವು ಹಳೇ ಕಾಫಿ ಅಂಗಡಿ'. ಬಾಗಿಲಲ್ಲಿ ನಿಂತ ಗಿರಾಕಿಯನ್ನು ಒಳಗೆ ಬರುವ ಮೊದಲೇ ಬೈದಂತಾಯಿತು. ಪಂಚಾಯಿತಿಯಲ್ಲಿ ಇದನ್ನು ಹೇಳಿದಾಗ ಬೋರ್ಡಿನ ಹುಡುಗ ಒಂದು ಸೊಗಸಾದ ಮಾತಾಡಿದ. "ನಾನು 'ಈ ಓಲ್ಡ್ ಕಾಫಿ ಶಾಪು' ಅಂತ ಓದ್ಕೊಂಡಿದ್ದೆ ಸಾರ್, ಅರ್ಧ ಕನ್ನಡ ಅರ್ಧ ಇಂಗ್ಲಿಷು." ಇಂಗ್ಲಿಷಿನ 'ದಿ' ಹುಟ್ಟಿದ್ದೇ 'ಆ', 'ಈ' ಎಂದು ಬೆರಳು ಮಾಡಿ ತೋರಿಸುವ ಪದಗಳಿಂದ. ಲಂಡನ್ನಿನ ಯೀಗಿಂತ ನಮ್ಮ ಹುಡುಗನ ಈ ವ್ಯಾಕರಣಕ್ಕೆ ಹೆಚ್ಚು ಹತ್ತಿರ.

ಇನ್ನು ಬಾಲದ ಇ. 'ಓಲ್ಡೆ'ಯ ಇ ಒಂದು ಕಾಲಕ್ಕೆ ದುಡಿದು ತಿಂದದ್ದು. ಚಾಸರನ ಕಾಲದಲ್ಲಿ, ಅಂದರೆ ಹದಿನಾಲ್ಕನೆಯ ಶತಮಾನದಲ್ಲಿ, 'ದಿ' ಮುಂದೆ ಬಂದರೆ ಗುಣವಾಚಕದ ಕೊನೆಗೆ ಒಂದು ಎಳೆಯ ಸ್ವರ ಸೇರಬೇಕಿತ್ತು, ಅದನ್ನು ಉಚ್ಚರಿಸಲೂ ಬೇಕಿತ್ತು. ಅಚ್ಚು ಬರುವ ಹೊತ್ತಿಗೆ ಸದ್ದು ಅಡಗಿತ್ತು, ಅಕ್ಷರ ಮಾತ್ರ ನಿವೃತ್ತ ಗುಮಾಸ್ತನ ಹಾಗೆ ದಿನಾ ಆಫೀಸಿಗೆ ಬಂದು ಕೂರುತ್ತಿತ್ತು. ಶಾಪ್ಪೆಯ ಎರಡನೇ ಪಿ ಕೂಡ ಹಳೆಯ ಬರಹಗಳಲ್ಲಿ ಇದ್ದದ್ದೇ. ಹಾಗಾಗಿ ಗೆಳೆಯನ ಬೋರ್ಡಿನ ಒಂದೊಂದು ಕಾಗುಣಿತವೂ ಅಸಲಿ. ಖೋಟಾ ಇರುವುದು ಅದನ್ನು ಓದುವ ಬಾಯಿಯಲ್ಲಿ. ಶಾಪ್ಪೆಯನ್ನು ಕನ್ನಡದ ನಾಲಗೆಗೆ ಬಿಟ್ಟರೆ ಎರಡೇ ದಿನದಲ್ಲಿ ಸಪ್ಪೆಯಾಗುತ್ತದೆ. ಅಲ್ಲಿಯ ಕಾಫಿ ಕುಡಿದ ಮೇಲೆ ಒಂದು ದಿನ ಸಾಕು.

ಹಳೆಯದೆಂಬ ಬೋರ್ಡಿಗೂ ಹಳೆಯದಕ್ಕೂ ಎಷ್ಟು ದೂರ ಎಂದು ತಿಳಿಯಲು ಇಂಗ್ಲೆಂಡಿನ ಪಬ್ಬುಗಳಿಗೆ ಹೋಗಬೇಕು. ನಾಟಿಂಗ್‌ಹ್ಯಾಮ್‌ನಲ್ಲಿ ಕೋಟೆಯ ಬಂಡೆಗೆ ಅಂಟಿಕೊಂಡು 'ಯೀ ಓಲ್ಡೆ ಟ್ರಿಪ್ ಟು ಜೆರೂಸಲೆಮ್' ಎಂಬ ಪಬ್ಬಿದೆ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ 1189 ಎಂದು ಬರೆದಿದೆ. ಸಿಂಹಹೃದಯಿ ರಿಚರ್ಡ್ ಪಟ್ಟಕ್ಕೆ ಬಂದ ವರ್ಷ. ಜೆರೂಸಲೆಮಿನ ಧರ್ಮಯುದ್ಧಕ್ಕೆ ಹೊರಟ ಯೋಧರು ಇಲ್ಲೇ ಒಂದು ಲೋಟ ಏರಿಸಿ ಹೋದರಂತೆ. ಕಟ್ಟಡ ನೋಡಿದರೆ ಹದಿನೇಳನೆಯ ಶತಮಾನದ್ದು, ಟ್ರಿಪ್ ಎಂಬ ಹೆಸರು ದಾಖಲೆಯಲ್ಲಿ ಕಾಣುವುದು ಅದಕ್ಕಿಂತಲೂ ಈಚೆಗೆ. ಅದೇ ಊರಿನಲ್ಲಿ 'ಯೀ ಓಲ್ಡೆ ಸಲ್ಯುಟೇಶನ್' ಎಂಬುದಿದೆ, ಅದು 1240 ಅನ್ನುತ್ತದೆ. ಯೀ ಓಲ್ಡೆ ಹಚ್ಚಿಕೊಳ್ಳದೆ ಸುಮ್ಮನೆ 'ಬೆಲ್ ಇನ್' ಎಂದು ಕರೆದುಕೊಳ್ಳುವ ಮೂರನೆಯದೊಂದಿದೆ, ಅದು 1437 ಅನ್ನುತ್ತದೆ. ಮರದ ತೊಲೆಗಳ ಉಂಗುರ ಎಣಿಸಿ ವಯಸ್ಸು ನೋಡಿದರೆ ಈ ಬೋಳು ಹೆಸರಿನದೇ ಮೂವರಲ್ಲಿ ಹಿರಿಯ ಎಂದಾಯಿತು. ಸೇಂಟ್ ಆಲ್ಬನ್ಸ್‌ನ 'ಯೀ ಓಲ್ಡೆ ಫೈಟಿಂಗ್ ಕಾಕ್ಸ್' ತನ್ನ ಬೇರು ಎಂಟನೆಯ ಶತಮಾನದಲ್ಲಿದೆ ಎಂದು ಹೇಳಿಕೊಂಡು ಗಿನ್ನೆಸ್ ದಾಖಲೆಯನ್ನೂ ಹತ್ತಿತ್ತು. ಆಮೇಲೆ ಗಿನ್ನೆಸ್‌ನವರು ಇದನ್ನೆಲ್ಲ ಸಾಬೀತು ಮಾಡುವುದು ನಮ್ಮಿಂದಾಗದು ಎಂದು ಆ ವಿಭಾಗವನ್ನೇ ಕೈಬಿಟ್ಟರು. ಆ ಎಂಟು ಮೂಲೆಯ ಕಟ್ಟಡ ಹಿಂದೆ ಪಾರಿವಾಳದ ಗೂಡಾಗಿತ್ತು, ಅದೂ ಬೇರೆ ಜಾಗದಲ್ಲಿ. ಕೋಳಿ ಅಂಕದ ಹೆಸರು ಹೊತ್ತ ಪಾರಿವಾಳದ ಗೂಡಿನಲ್ಲಿ ಕೂತು ಮನುಷ್ಯರು ಬಿಯರ್ ಕುಡಿಯುತ್ತಾರೆ. ಇತಿಹಾಸ ಅಂದರೆ ಇದೇ ಎಂದು ಫೋಟೋ ತೆಗೆಸಿಕೊಳ್ಳುತ್ತಾರೆ.

ಮುಳ್ಳನ್ನು ಕಳೆದುಕೊಂಡ ಇದೇ ಭಾಷೆ ಇಲ್ಲದ ಅಕ್ಷರಗಳನ್ನು ಹುಡುಕಿ ತಂದು ಸೇರಿಸಿಕೊಂಡದ್ದೂ ಉಂಟು. ಸಾಲಕ್ಕೆ ಫ್ರೆಂಚಿನಿಂದ ಬಂದ ಪದದಲ್ಲಿ ಬಿ ಇರಲಿಲ್ಲ, 'ಡೆಟ್' ಎಂದು ತೆಪ್ಪಗಿತ್ತು. ಲ್ಯಾಟಿನ್ ಓದಿದ ಪಂಡಿತರಿಗೆ ಅದರ ಮೂಲ 'ಡೆಬಿಟಮ್' ಎಂದು ಹೊಳೆದು, ಗೌರವಾರ್ಥವಾಗಿ ನಡುವೆ ಒಂದು ಬಿ ತುರುಕಿದರು. ಸಾಲದ ಮೇಲೆ ಬಡ್ಡಿ. ಶೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಹೊಲೊಫರ್ನಿಸ್ ಎಂಬ ಮೇಷ್ಟ್ರು, ಜನ ಈ ಬಿಯನ್ನು ಉಚ್ಚರಿಸುವುದಿಲ್ಲವಲ್ಲ ಎಂದು ಗೋಳಾಡುತ್ತಾನೆ. ನಾಲ್ಕು ಶತಮಾನ ಕಳೆದು ನಮ್ಮ ಹೈಸ್ಕೂಲಿನಲ್ಲಿ 'ಡೆಬ್ಟ್' ಎಂದು ಉಚ್ಚರಿಸಿದ್ದಕ್ಕೆ ನನಗೆ ಏಟು ಬಿತ್ತು. ಎರಡೂ ಕಡೆ ಮೇಷ್ಟ್ರೇ. 'ಐಲೆಂಡ್'ನ ಎಸ್ ಇನ್ನೂ ಮಜವಾದದ್ದು. ಪದ ಅಪ್ಪಟ ಇಂಗ್ಲಿಷಿನದು, ಲ್ಯಾಟಿನ್ನಿಗೂ ಅದಕ್ಕೂ ರಕ್ತಸಂಬಂಧವಿಲ್ಲ. ಆದರೂ 'ಇನ್‌ಸುಲಾ' ಎಂಬ ಶ್ರೀಮಂತನ ಮನೆಯ ಮಗು ಇರಬೇಕೆಂದು ತಿಳಿದು ಎಸ್ ಹಚ್ಚಿದರು. ಸ್ಕಾಟ್ಲೆಂಡಿನವರು 'ಯಾಖ್' ಎಂಬ ಇನ್ನೊಂದು ಅಕ್ಷರಕ್ಕೆ ಮೊಳೆ ಸಿಗದೆ ಝೆಡ್ ಕೂರಿಸಿದರು. ಹಾಗಾಗಿ 'ಮೆನ್‌ಝೀಸ್' ಎಂದು ಬರೆದು 'ಮಿಂಗಿಸ್' ಎಂದು ಓದುವ ಕರ್ಮ ಅವರದಾಯಿತು. ಆಸ್ಟ್ರೇಲಿಯಾದ ಪ್ರಧಾನಿ ರಾಬರ್ಟ್ ಮೆನ್‌ಝೀಸ್ ಹೆಸರನ್ನು ಝೆಡ್ ಹಚ್ಚಿಯೇ ಕರೆಯುತ್ತಿದ್ದರು. ಅಡ್ಡಹೆಸರು ಮಾತ್ರ 'ಮಿಂಗ್'.

ಇಷ್ಟು ಹೊತ್ತು ಇಂಗ್ಲಿಷರನ್ನು ಆಡಿಕೊಂಡು ಆಯಿತು. ನಮ್ಮ ಎಲೆಯಲ್ಲಿ ಬಿದ್ದ ನೊಣವನ್ನೂ ನೋಡಬೇಕಲ್ಲ.

ಕನ್ನಡಕ್ಕೂ ಒಂದು ಮುಳ್ಳಿತ್ತು: ೞ. ಇನ್ನೊಂದು ಱ, ಅದು ರ ಅಕ್ಷರದಲ್ಲಿ ಕರಗಿಹೋಯಿತು. ೞ ಬಹುಪಾಲು ಳ ಆಗಿ ಹೋಯಿತು. ಮೞೆ ಮಳೆಯಾಯಿತು, ಕೋೞಿ ಕೋಳಿಯಾಯಿತು, ಬಾೞೆ ಬಾಳೆಯಾಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತು. ಪಟ್ಟಿ ಬೇಕಾಯಿತು ಎಂದರೆ ಕಾಯಿಲೆ ಆಗಲೇ ಉಲ್ಬಣಿಸಿತ್ತು ಎಂದೇ ಅರ್ಥ. ತಮಿಳರು ಉಳಿಸಿಕೊಂಡರು, ಮಲಯಾಳಿಗಳೂ ಉಳಿಸಿಕೊಂಡು ಕೋಯಿಕ್ಕೋಡಿನ ಹೆಸರಿನಲ್ಲಿ ನಮ್ಮ ನಾಲಗೆಗೆ ಗಂಟು ಹಾಕುತ್ತಾರೆ. ನಾವು ಬಿಟ್ಟೆವು. ಇಲ್ಲೂ ಒಂದು ವಿಧಿಯ ಹಾಸ್ಯವಿದೆ. 'ಹಳೆಯ' ಎನ್ನುವ ಪದ ಹಿಂದೆ 'ಪೞೆಯ' ಆಗಿತ್ತು. ಕವಿರಾಜಮಾರ್ಗದ ಕಾಲಕ್ಕೆ ಹಳಗನ್ನಡವೇ 'ಪೞಗನ್ನಡ'. ಹಳೆಯದು ಎಂದು ಹೇಳುವ ಪದದಲ್ಲೇ ನಾವು ಹಳೆಯ ಅಕ್ಷರವನ್ನು ಕಳೆದುಕೊಂಡಿದ್ದೇವೆ. ನಮ್ಮ ಯೀ ಓಲ್ಡೆ ಎಂದರೆ ಇದೇ.

ನಮಗೂ ಪರದೇಶದ ಪೆಟ್ಟಿಗೆ ಬಂತು. ಅದರ ಹೆಸರು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗೂ ಮನೆ ನಂಬರು ಕೊಡುವ ಆ ವ್ಯವಸ್ಥೆ ೞ ಅಕ್ಷರಕ್ಕೂ ಒಂದು ಮನೆ ಕೊಟ್ಟಿದೆ, ಅದಕ್ಕೆ ಶರಣು. ಆದರೆ ಬಾಗಿಲಿಗೆ ಹಾಕಿದ ಹೆಸರು 'ಕನ್ನಡ ಲೆಟರ್ ಫ'. ಫ್ಯಾನು, ಫೋನಿನ ಫ! ಫ್ಯಾನೇ ಇಲ್ಲದ ಕಾಲದಲ್ಲಿ ಅರಸರ ಶಾಸನಗಳಲ್ಲಿ ನಿಂತಿದ್ದ ಅಕ್ಷರಕ್ಕೆ ಇಂಥ ನಾಮಕರಣ. ತಪ್ಪೆಂದು ಅವರಿಗೂ ಗೊತ್ತಿದೆ, ಪಕ್ಕದಲ್ಲಿ ಹಾಗೆಂದು ಟಿಪ್ಪಣಿಯೂ ಇದೆ, ಸರಿಯಾದ ಅಡ್ಡಹೆಸರೂ ಇದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸಬಾರದೆಂಬುದು ಅಲ್ಲಿನ ನಿಯಮ. ಕ್ಯಾಕ್ಸ್‌ಟನ್ನನ ಕಾಲದಲ್ಲಿ ಒಂದು ತಪ್ಪು ಶಾಶ್ವತವಾಗಲು ನಾಲ್ಕು ಶತಮಾನ ಬೇಕಾಗಿತ್ತು. ಈಗ ಮೊದಲ ದಿನವೇ ಆಗುತ್ತದೆ.

ಪಂಚಾಯಿತಿ ಮುಗಿಯಿತು. ತೀರ್ಪು ಗೆಳೆಯನ ಕಡೆಗೇ ಆಯಿತು, ದುಡ್ಡು ಕೊಡುವವನು ಅವನು ತಾನೆ. ಹುಡುಗ 'ದಿ'ಯ ಇಯನ್ನು ಉಳಿಸಿಕೊಂಡ, ಹೊಸದಾಗಿ ಒಂದು ವೈ, ಒಂದು ಪಿ, ಎರಡು ಇ ಕತ್ತರಿಸಿದ. ಬೋರ್ಡು ಮೇಲೇರಿತು. ಉದ್ಘಾಟನೆಗೆ ಬಂದವರೆಲ್ಲ ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡರು. ಒಬ್ಬ ಹಿರಿಯರಂತೂ, "ಈ ಅಂಗಡಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ" ಎಂದುಬಿಟ್ಟರು.

ಕಳೆದ ವಾರ ನಾನೇ ಬೋರ್ಡಿನ ಹುಡುಗನಲ್ಲಿಗೆ ಹೋದೆ. ಮನೆಯ ಗೇಟಿಗೆ ಒಂದು ಹೆಸರಿನ ಫಲಕ ಬೇಕಿತ್ತು. ಈ ಕಥೆಯೆಲ್ಲ ತಲೆಯಲ್ಲಿ ಸುತ್ತುತ್ತಿದ್ದುದರಿಂದ, ಜಂಬವೆಂದರೂ ಸರಿ, 'ಮೞೆ' ಎಂದು ಹಾಕಿಸೋಣ ಎನ್ನಿಸಿತ್ತು. ಚೀಟಿಯಲ್ಲಿ ಬರೆದುಕೊಟ್ಟೆ. ಅವನು ಚೀಟಿಯನ್ನು ತಲೆಕೆಳಗಾಗಿ ಹಿಡಿದು, ಮತ್ತೆ ನೆಟ್ಟಗೆ ಹಿಡಿದು ನೋಡಿದ.

"ಇದು ತೆಲುಗಾ ಸಾರ್?"

"ಕನ್ನಡವೇ ಕಣಪ್ಪಾ. ಹಳೇದು."

ನನ್ನ ಮೊಬೈಲಿನಿಂದ ಕಳಿಸಿಕೊಂಡು ಅವನ ಕಂಪ್ಯೂಟರಿನಲ್ಲಿ ಅಂಟಿಸಿದ. ಮ ಬಂತು, ಅದರ ಪಕ್ಕ ಒಂದು ಖಾಲಿ ಚೌಕ ಬಂತು. ಫಾಂಟ್ ಬದಲಿಸಿದ. ಮತ್ತೆ ಚೌಕ. ಇನ್ನೊಂದು, ಮತ್ತೊಂದು. ಪ್ರತಿಯೊಂದರಲ್ಲೂ ಮಳೆ ಸುರಿಯಬೇಕಾದ ಜಾಗದಲ್ಲಿ ಚೌಕಟ್ಟು ಹಾಕಿದ ಒಣ ಬಯಲು. ಮೇಜಿನ ಮೇಲೆ ಬಿಲ್ಲುಗಳು ಹಾರದಂತೆ ಹಿತ್ತಾಳೆ ಬಣ್ಣದ ಎರಡು ಅಕ್ಷರ ಹೇರಿದ್ದ. ಗೆಳೆಯ ಬೇಡವೆಂದು ಬಿಟ್ಟುಹೋದ ಟಿ ಮತ್ತು ಎಚ್.

"ಈ ಅಕ್ಷರ ನಮ್ಮ ಫಾಂಟಲ್ಲಿಲ್ಲ ಸಾರ್," ಎಂದ ಹುಡುಗ. "ನೋಡೋಕೆ ಹತ್ತಿರ ಇರೋದು ಯಾವುದಾದ್ರೂ ಒಂದು ಹಾಕಿಬಿಡ್ಲಾ? ಯಾರಿಗೂ ಗೊತ್ತಾಗಲ್ಲ."